ತಲೆಯೊಳಗಿನ ಮಾವ

ಎದುರಿಗೆ ಕೂತವರು ನನಗೆ ‘ಆಗಲ್ಲ’ ಅನ್ನಬೇಕು, ನಾನು ಅನ್ನಿಸಿಕೊಳ್ಳಬೇಕು. ಈ ಸಲ ಕಾಫಿ ಹೂವಾದ ದಿನಗಳಲ್ಲಿ ನಾನು ಮಾಡಿದ ಕೆಲಸ ಇಷ್ಟೇ. ಕೇಳಲು ಸುಲಭ. ನಮ್ಮ ಕಡೆಯ ಜನರ ಬಾಯಿಂದ ಆ ಮಾತು ಹೊರಡಿಸುವುದು ಎಷ್ಟು ಕಷ್ಟವೆಂಬುದು ಸಕಲೇಶಪುರದ ಪೇಟೆಯಲ್ಲಿ ಔಷಧಿ ಅಂಗಡಿಯೊಂದರ ಮಾಳಿಗೆಯ ಆ ಕೋಣೆಗೆ ಗೊತ್ತು. ಅದಕ್ಕೊಂದೇ ಕಿಟಕಿ. ಬೆಳಗಿನ ಹೊತ್ತು ಹೊಳೆಯ ಮೇಲಿಂದ ಎದ್ದ ಮಂಜು ನೇರ ಒಳಗೆ ಬಂದು ಖಾಲಿ ಕುರ್ಚಿಯ ಮೇಲೆ ಕೂತುಬಿಡುತ್ತಿತ್ತು. “ಕಿಟಕಿ ಹಾಕು ಮಾರಾಯ, ಅದಕ್ಕೆ ಅಪಾಯಿಂಟ್‌ಮೆಂಟ್ ಇಲ್ಲ” ಎನ್ನುತ್ತಿದ್ದರು ಡಾಕ್ಟರಮ್ಮ.

ಡಾಕ್ಟರಮ್ಮ ಮನಸ್ಸಿನ ವೈದ್ಯರು. ಅವರ ಅಜ್ಜ ಮಂಗಳೂರಿನಿಂದ ಘಟ್ಟ ಹತ್ತಿ ಬಂದು ತೋಟ ಮಾಡಿದವರು. ಘಟ್ಟದ ಮೇಲೆ ಹುಟ್ಟಿಯೂ ಮೊಮ್ಮಗಳ ಮಾತಿನಲ್ಲಿ ಇನ್ನೂ ಸಮುದ್ರದ ಗಾಳಿ ಇದೆ. ನಾನು ಮಿಮಿಕ್ರಿಯವನು. ಮದುವೆ ಮನೆ, ಶಾಲೆಯ ವಾರ್ಷಿಕೋತ್ಸವ, ಹೋಮ್‌ಸ್ಟೇಗಳ ಬೆಂಕಿ ಸುತ್ತ ಕೂತ ಪ್ರವಾಸಿಗರು, ಎಲ್ಲಿ ಮೈಕು ಕೊಟ್ಟರೂ ಅಲ್ಲಿರುವವರನ್ನೇ ಅವರಿಗೆ ವಾಪಸು ಕೊಡುವುದು ನನ್ನ ಕಸುಬು. ಚರ್ಚಿನ ಹಬ್ಬದ ಕಾರ್ಯಕ್ರಮದಲ್ಲಿ ಡಾಕ್ಟರಮ್ಮನನ್ನೇ ಮಾಡಿ ತೋರಿಸಿದ್ದೆ: “ಎಂತ ಮಾರಾಯ, ನಿದ್ದೆ ಬರ್ತದಾ? ಬರೋದಿಲ್ವಾ? ಮತ್ತೆ ಇಲ್ಲಿಗೆ ಯಾಕೆ ಬಂದದ್ದು, ಮಲಗ್ಲಿಕ್ಕಾ?” ಜನ ಬಿದ್ದು ಬಿದ್ದು ನಕ್ಕರು. ಇಳಿದು ಬಂದಾಗ ವೇದಿಕೆಯ ಹಿಂದೆ ಆಕೆಯೇ ನಿಂತಿದ್ದರು. ಬೈಗುಳ ತಿನ್ನಲು ತಯಾರಾಗಿ ತಲೆ ತಗ್ಗಿಸಿದೆ.

“ನಿನ್ನ ಬಾಯಿ ನನಗೆ ಬೇಕಿತ್ತು” ಎಂದರು.

ವಿಷಯ ಇಷ್ಟು. ಅವರ ಹತ್ತಿರ ಬರುವ ಕೆಲವರಿಗೆ ಏನು ಹೇಳಬೇಕೆಂಬುದು ಚೆನ್ನಾಗಿ ಗೊತ್ತು. ಆದರೆ ಹೇಳಬೇಕಾದ ಆ ಒಬ್ಬ ಮನುಷ್ಯನ ದನಿ ಕಿವಿಗೆ ಬಿದ್ದ ಕೂಡಲೇ ‘ಹೂಂ’ ಅಂದುಬಿಡುತ್ತಾರೆ. ಹೇಳುವುದನ್ನು ಅಭ್ಯಾಸ ಮಾಡಿಸಬೇಕೆಂದರೆ ಆ ದನಿ ಬೇಕು. “ಈಜು ಕಲಿಸ್ಲಿಕ್ಕೆ ನೀರು ಬೇಕಲ್ಲ. ನೀನು ನೀರು” ಎಂದರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಅಷ್ಟು ದೊಡ್ಡದಾಗಿ ಕರೆದಿರಲಿಲ್ಲ. ಒಪ್ಪಿಕೊಂಡೆ.

ಅಲ್ಲಿಗೆ ಬಂದವನೊಬ್ಬ ಜೀಪ್ ಡ್ರೈವರ್, ಹೆಚ್ಚುಕಡಿಮೆ ನನ್ನ ಓರಗೆಯವನು. ಇದನ್ನು ಬರೆಯಲೇ ಎಂದು ಕೇಳಿದಾಗ, “ಬರ್ಕೋ. ಹೆಸ್ರು ಬ್ಯಾಡ. ಜೀಪಿನ ಬಣ್ಣನೂ ಬ್ಯಾಡ” ಎಂದ. ಹಾಗಾಗಿ ಜೀಪಿಗೆ ಬಣ್ಣವಿಲ್ಲ ಎಂದೇ ತಿಳಿಯಿರಿ. ಅವನ ಮನೆ ದೋಣಿಗಲ್ ಇಳಿಜಾರಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಸಾಕಿದ್ದು, ಸ್ಟೇರಿಂಗ್ ಹಿಡಿಯಲು ಕಲಿಸಿದ್ದು ಸೋದರಮಾವ. ಆ ಮಾವ ಈಗ ಹೋಮ್‌ಸ್ಟೇ ನಡೆಸುತ್ತಾರೆ. ಸೂರ್ಯೋದಯ ನೋಡುವವರನ್ನು ನಸುಕಿನಲ್ಲಿ ಬೆಟ್ಟಕ್ಕೆ ಹತ್ತಿಸುವುದು, ಬಿಸಿಲೇರಿದ ಮೇಲೆ ಬಂದವರನ್ನು ಜಲಪಾತಕ್ಕೆ ಒಯ್ಯುವುದು, ರಾತ್ರಿ ರೈಲಿನವರನ್ನು ಸ್ಟೇಷನ್ನಿಗೆ ಬಿಡುವುದು, ಎಲ್ಲ ಇವನೇ. ಮಾವ ಫೋನಿನಲ್ಲಿ ಹೇಳುವುದು ಒಂದೇ ಮಾತು: “ಇದೊಂದ್ ಟ್ರಿಪ್ ಹೋಗ್ಬಂದ್ಬುಡಪ್ಪ.”

ಒಂದು ಮುಂಜಾನೆ ದೋಣಿಗಲ್ ತಿರುವಿನಲ್ಲಿ, ಹಿಂದೆ ಕೂತು ಹಾಡುತ್ತಿದ್ದವರ ದನಿ ಎಲ್ಲೋ ಮರದ ಪೊಟರೆಯ ಜೇನಿನಂತೆ ದೂರವಾಯಿತಂತೆ. ಹೂವಾದ ಕಾಫಿ ಸಾಲುಗಳ ನಡುವೆ ಬರಿಗಾಲಲ್ಲಿ ನಡೆಯುತ್ತಿದ್ದೇನೆ, ನೆಲವೂ ಬೆಳ್ಳಗೆ, ಆಕಾಶವೂ ಬೆಳ್ಳಗೆ ಅನ್ನಿಸಿತಂತೆ. ಕಣ್ಣು ಬಿಟ್ಟಾಗ ಜೀಪು ರಸ್ತೆಬದಿಯ ಮಣ್ಣಿನ ದಿಬ್ಬಕ್ಕೆ ಮೂಗು ಒತ್ತಿ ನಿಂತಿತ್ತು. ಇನ್ನೊಂದು ಬದಿಗೆ ವಾಲಿದ್ದರೆ ಕೆಳಗೆ ಕಣಿವೆ. ಹಿಂದಿದ್ದವರು ಫೋಟೋಕ್ಕೆಂದು ನಿಲ್ಲಿಸಿದ ಅಂದುಕೊಂಡು ಇಳಿದು, ಫೋಟೋ ತೆಗೆದು, ಜಾಗ ಚೆನ್ನಾಗಿದೆ ಎಂದು ಹೊಗಳಿ ಮತ್ತೆ ಹತ್ತಿದರಂತೆ.

ಇದನ್ನು ಅವನು ಮಾವನಿಗೆ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟರಮ್ಮನಿಗೆ ಹೇಳಿದ. ಪೂರ್ತಿ ನಿದ್ದೆಯಾಗದೆ ಸ್ಟೇರಿಂಗ್ ಮುಟ್ಟಬಾರದು ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಎದುರಿಗೆ ಸಾಲು ರಜೆ ಬರುತ್ತಿತ್ತು. ಹಗಲು ರಾತ್ರಿ ಒಂದಾಗುವ ದಿನಗಳು. ಅಷ್ಟರೊಳಗೆ ಇವನು ಮಾವನಿಗೆ ‘ಆಗಲ್ಲ’ ಅನ್ನುವುದನ್ನು ಕಲಿಯದಿದ್ದರೆ ಮುಂದಿನ ಸಲ ದಿಬ್ಬ ಸಿಗುತ್ತದೋ ಕಣಿವೆಯೋ ಯಾರಿಗೆ ಗೊತ್ತು. “ನಾನೇ ಫೋನ್ ಮಾಡ್ಲಾ ನಿಮ್ಮ ಮಾವನಿಗೆ?” ಎಂದರೆ, “ಬ್ಯಾಡಿ ಮೇಡಂ, ಬೇಜಾರ್ ಮಾಡ್ಕೊಬುಡ್ತಾರೆ” ಎಂದ. ಕಣಿವೆಗಿಂತ ಬೇಜಾರು ಆಳ ಎಂಬಂತಿತ್ತು ಅವನ ಮುಖ.

ಮೊದಲ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮೆದುಳಿನ ಪಾಠ ಮಾಡಿದರು. ಒಳಗೆ, ಕಿವಿಗಳ ನೇರಕ್ಕೆ ಆಳದಲ್ಲಿ, ಬಾದಾಮಿ ಬೀಜದಂಥ ಒಂದು ಭಾಗ ಎರಡೂ ಕಡೆ ಇದೆ. ಅಮಿಗ್ಡಲಾ ಎಂದು ಹೆಸರು. ಅಪಾಯ ಎಂದು ಮೊದಲು ಕೂಗುವುದರಲ್ಲಿ ಅದರ ಪಾಲು ದೊಡ್ಡದು. ಅದಕ್ಕೆ ಆನೆ ಬಂದದ್ದೂ ಒಂದೇ, ಬೇಕಾದವರ ಮುಖ ಸಣ್ಣಗಾದದ್ದೂ ಹೆಚ್ಚುಕಡಿಮೆ ಒಂದೇ. ಗುಂಪಿನಿಂದ ಹೊರಬಿದ್ದವನು ಬದುಕುವುದು ಕಷ್ಟವಾಗಿದ್ದ ಕಾಲದಿಂದ ಬಂದ ಬುದ್ಧಿ ಅದು. ಹಣೆಯ ಹಿಂದಿನ ಭಾಗ ಮಾತ್ರ ‘ತಾಳು, ಇದು ಆನೆಯಲ್ಲ, ಮಾವ’ ಅನ್ನಬಲ್ಲದು. ಆದರೆ ಅದು ನಿಧಾನ. ನಿದ್ದೆಗೆಟ್ಟರೆ ಅದರ ಹಿಡಿತ ಇನ್ನೂ ಸಡಿಲ.

“ಅಂದ್ರೆ ನಿದ್ದೆಗೆಟ್ಟೋನಿಗೆ ಆಗಲ್ಲ ಅನ್ನೋಕಾಗಲ್ಲ, ಆಗಲ್ಲ ಅನ್ನೋಕಾಗ್ದೋನಿಗೆ ನಿದ್ದೆ ಇಲ್ಲ” ಎಂದೆ.

“ನೀರು ಮಾತಾಡಬಾರದು” ಎಂದರು ಡಾಕ್ಟರಮ್ಮ.

ಇನ್ನೂ ಒಂದು ತೊಡಕು ಹೇಳಿದರು. ‘ಹೂಂ’ ಅಂದ ಕೂಡಲೇ ಎದೆ ಹಗುರಾಗುತ್ತದೆ. ಆ ಹಗುರವನ್ನೇ ಮೆದುಳು ಬಹುಮಾನ ಎಂದು ತಿಳಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ‘ಹೂಂ’ ಅನ್ನಿಸುತ್ತದೆ. ದನ ನಡೆದೂ ನಡೆದೂ ದಾರಿಯಾದ ಹಾಗೆ. ಹೊಸ ದಾರಿ ಬೀಳಬೇಕೆಂದರೆ ಮುಳ್ಳಿದ್ದರೂ ಪಕ್ಕದಲ್ಲಿ ನಾಲ್ಕು ಸಲ ನಡೆಯಲೇಬೇಕು.

ಮಾವನ ದನಿ ನನಗೆ ಹೊಸದಲ್ಲ. ಅವರ ಹೋಮ್‌ಸ್ಟೇಯಲ್ಲಿ ಎಷ್ಟೋ ಸಲ ಕಾರ್ಯಕ್ರಮ ಕೊಟ್ಟಿದ್ದೆ. ಗಂಟಲನ್ನು ಸ್ವಲ್ಪ ಕೆಳಗಿಳಿಸಿ, ಮಾತಿನ ಕೊನೆಗೆ ಮೂಗಿನಿಂದೊಂದು ಉಸಿರು ಬಿಟ್ಟು ಕೇಳಿದೆ: “ಇದೊಂದ್ ಟ್ರಿಪ್ ಹೋಗ್ಬಂದ್ಬುಡಪ್ಪ.”

ಡ್ರೈವರ್ ತಲೆಯಾಡಿಸಿದ. “ಹಂಗಲ್ಲ ಕಣೋ. ಮಾವನ ದನಿ ಇನ್ನೂ ಗಟ್ಟಿ ಐತೆ.”

ನನ್ನ ಕಿವಿಯ ಮೇಲೆ ನನಗಿರುವ ಜಂಬಕ್ಕೆ ಅದು ಸರಿಯಾಗಿ ತಗುಲಿತು. ಆದರೂ ಗಟ್ಟಿ ಮಾಡಿದೆ. “ಇನ್ನೂ ಒಸಿ ದಪ್ಪ” ಎಂದ. ದಪ್ಪ ಮಾಡಿದೆ. “ಕೊನೇಲಿ ಒಂಥರಾ ಬೇಜಾರೈತೆ, ಅದ್ ಹಾಕು” ಎಂದ. ಹಾಕಿದೆ. ಕೊನೆಗೆ ನನ್ನ ಬಾಯಿಂದ ಹೊರಟ ದನಿ ಗುಡ್ಡದ ಆಚೆಯಿಂದ ಬಂದ ಗುಡುಗಿನಂತಿತ್ತು. ಅವನ ಮುಖ ಬಿಳಿಚಿಕೊಂಡಿತು. ಬೆರಳಿಗೆ ಸಿಕ್ಕಿಸಿದ್ದ ನಾಡಿ ನೋಡುವ ಯಂತ್ರದಲ್ಲಿ ಅಂಕಿ ಏರಿತು. “ಆಯ್ತು ಮಾವ” ಎಂದವನೇ ಜೇಬಿನಿಂದ ಜೀಪಿನ ಕೀ ತೆಗೆದು ಎದ್ದು ನಿಂತ.

“ಎಲ್ಲಿಗೆ ಮಾರಾಯ?” ಎಂದರು ಡಾಕ್ಟರಮ್ಮ.

ಅವನು ಕೀ ನೋಡಿದ, ನನ್ನನ್ನು ನೋಡಿದ, ಕೂತ. ನಾನೂ ಅವನೂ ನಕ್ಕೆವು. ನಗು ಮುಗಿದ ಮೇಲೂ ಅವನು ಕೀಯನ್ನು ಜೇಬಿಗೆ ಹಾಕಿರಲಿಲ್ಲ.

ಆವತ್ತು ಮುಗಿಸಿ ಹೊರಬಂದಾಗ ತುಂತುರು ಹನಿಯುತ್ತಿತ್ತು. “ಹಂಗೇ ನನ್ನ ಆಲೂರಿಗೆ ಬಿಟ್ಬುಡು” ಎಂದೆ. ಬಿಟ್ಟ. ಆಮೇಲೆ ಅದೇ ರೂಢಿಯಾಯಿತು.

ಡಾಕ್ಟರಮ್ಮ ಕ್ರಮ ಬದಲಿಸಿದರು. ಕಷ್ಟದ ದನಿ ಕೊನೆಗೆ, ಸುಲಭದ ದನಿ ಮೊದಲು. ಅದೇ ಮಾತನ್ನು ನಾನು ಬಸ್ ಕಂಡಕ್ಟರನ ದನಿಯಲ್ಲಿ ಕೇಳಿದೆ: “ಟ್ರಿಪ್, ಟ್ರಿಪ್, ಇದೊಂದ್ ಟ್ರಿಪ್, ಹಿಂದೆ ಸರೀರಿ.” ಅವನು ನಗುತ್ತ “ಆಗಲ್ಲ” ಎಂದ. ಡಾಕ್ಟರಮ್ಮನ ದನಿಯಲ್ಲಿ ಕೇಳಿದೆ. ಅವರ ಮುಖ ನೋಡಿಕೊಂಡು ಹೆದರುತ್ತಲೇ “ಆಗಲ್ಲ” ಎಂದ. ನನ್ನ ಹಳೆಯ ಪಿ.ಟಿ. ಮೇಷ್ಟರ ದನಿಯಲ್ಲಿ ಕೇಳಿದೆ. ಎದ್ದು ನಿಂತು “ಆಗಲ್ಲ ಸಾರ್” ಎಂದ. ಹೇಳುವ ಮೊದಲು ಒಂದು ಉದ್ದದ ಉಸಿರು ಹೊರಗೆ ಬಿಡಬೇಕು; ಉಸಿರು ನಿಧಾನವಾದರೆ ಎದೆಯ ಓಟ ಇಳಿಯುತ್ತದೆ, ಹಣೆಯ ಹಿಂದಿನವನಿಗೆ ಬಂದು ಸೇರಲು ಹೊತ್ತು ಸಿಗುತ್ತದೆ.

ಆಮೇಲೆ ಮಾವನ ದನಿಯನ್ನು ಒಗ್ಗರಣೆಯಷ್ಟೇ ಬೆರೆಸಿದೆ. ಅಲ್ಲಿಂದ ತೊಂದರೆ ಶುರು.

“ಇದೊಂದ್ ಟ್ರಿಪ್ ಹೋಗ್ಬಂದ್ಬುಡಪ್ಪ.”

“ನೋಡಾನ ಮಾವ” ಎಂದ ಅವನು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈ ‘ನೋಡಾನ’ ನಮ್ಮ ಸೀಮೆಯ ದೊಡ್ಡ ಕಾಯಿಲೆ. ಮುಖದ ಮೇಲೆ ಇಲ್ಲವೆನ್ನುವುದು ಮರ್ಯಾದೆಯಲ್ಲ ಎಂದು ನಾವು ನೋಡಾನ ಅನ್ನುತ್ತೇವೆ. ಹೇಳಿದವನು ಇಲ್ಲ ಎಂದು ಹೇಳಿ ಬಂದೆ ಎಂದುಕೊಂಡು ಮನೆಗೆ ಹೋಗುತ್ತಾನೆ. ಕೇಳಿದವನು ಬರುತ್ತಾನೆ ಎಂದು ಅಕ್ಕಿ ಹಾಕುತ್ತಾನೆ.

“ನೋಡಾನ ಬೇಡ. ನೇರ ಹೇಳು” ಎಂದರು.

“ಬ್ರೇಕ್ ಸರಿ ಇಲ್ಲ ಮಾವ.”

“ನನ್ ಜೀಪ್ ತಗಂಡೋಗು” ಎಂದೆ ನಾನು, ಮಾವನಾಗಿ.

“ಜ್ವರ ಬಂದಂಗೈತೆ.”

“ನಿಮ್ಮತ್ತೆ ಶುಂಠಿ ಕಷಾಯ ಇಟ್ಟವ್ಳೆ, ಕುಡ್ಕೊಂಡೋಗು.”

“ಮಗೀಗೆ ಹುಷಾರಿಲ್ಲ.”

“ಮಗೂನೂ ಕರ್ಕೊಂಡೋಗು, ಬೆಟ್ಟದ ಗಾಳಿ ಒಳ್ಳೇದು.”

ಅವನು ಸೋತು ನನ್ನ ಕಡೆ ಕೈ ಮುಗಿದ. “ಮಾವನಿಗಿಂತ ನೀನೇ ಕಡೆ ಕಣೋ.”

ಡಾಕ್ಟರಮ್ಮ ಕೇಳಿದರು: “ನಿನ್ನ ಮನೆ ಮುಂದೆ ಉಣುಗೋಲು ಉಂಟಲ್ಲ?” ಉಂಟು. ಎರಡು ಕಂಬದ ತೂತುಗಳಿಗೆ ಅಡ್ಡ ಬೊಂಬು ಹಾಕಿದ ಬಾಗಿಲು. ಬೇಕಾದವರು ಬಂದರೆ ಸರಿಸುತ್ತೇವೆ, ದನ ಬಂದರೆ ಹಾಕುತ್ತೇವೆ. “ಅದು ಗೋಡೆಯಲ್ಲ. ಆಚೆಯವರನ್ನು ಬೈಯ್ಯೋದೂ ಇಲ್ಲ. ನಿನ್ನದೂ ಅಷ್ಟೇ ಇರಲಿ. ಕಾರಣ ಕೊಟ್ಟಷ್ಟೂ ಒಂದೊಂದು ಬೊಂಬು ನೀನೇ ಸರಿಸಿ ಕೊಟ್ಟ ಹಾಗೆ. ‘ಇವತ್ತು ಆಗಲ್ಲ ಮಾವ, ನಾನು ಮಲಗಬೇಕು.’ ಅಷ್ಟೇ. ಮುಗೀತು.”

“ಅವ್ರು ಬೇಜಾರ್ ಮಾಡ್ಕೊಂಡ್ರೆ?”

“ಮಾಡ್ಕೊಳ್ಳಲಿ. ಆ ಬೇಜಾರು ಅವರದ್ದು. ನೀನ್ಯಾಕೆ ಅದನ್ನು ಜೀಪಿಗೆ ಹಾಕ್ಕೊಂಡು ತಿರುಗೋದು?”

ಅವನಿಗೆ ಅರ್ಥವಾಗಿತ್ತು. ಆದರೂ ಆ ವಾರ ನಿಜವಾದ ಫೋನ್ ಬಂತು, ಇವನು ಹೋದ. ಮುಂದಿನ ಸಲ ಬಂದಾಗ ಕಣ್ಣು ಹಣ್ಣು ಮೆಣಸಿನಕಾಯಿಯಾಗಿದ್ದವು. “ಉಸಿರು ಬುಟ್ಟೆ ಮೇಡಂ. ಉಸಿರ್ ಜೊತೆಗೇ ಆಯ್ತು ಅನ್ನೋದೂ ಹೊರಟೋಯ್ತು” ಎಂದ. ಡಾಕ್ಟರಮ್ಮ ನಗಲಿಲ್ಲ. ಸಾಲು ರಜೆ ಇನ್ನೇನು ಬಂದೇಬಿಟ್ಟಿತ್ತು. ಆವತ್ತು ನನ್ನನ್ನು ಆಲೂರಿಗೆ ಬಿಡುವಾಗ ದಾರಿಯಲ್ಲಿ ಎರಡು ಸಲ ಕಿಟಕಿಯಾಚೆ ತಲೆ ಹಾಕಿ ಗಾಳಿ ಕುಡಿದ. ಅವನು ನಿದ್ದೆ ಹೋಗದಿರಲೆಂದು ನಾನು ಎಲ್ಲರ ದನಿಯನ್ನೂ ಮಾಡುತ್ತ, ಇಡೀ ತಾಲ್ಲೂಕನ್ನು ಜೀಪಿಗೆ ತುಂಬಿಕೊಂಡು ಮನೆ ಸೇರಿದೆ.

ನಾನು ಮಾಡುತ್ತಿದ್ದ ದನಿಯಲ್ಲಿ ಏನೋ ಸರಿಯಿಲ್ಲ ಎನ್ನುವುದು ಮಾತ್ರ ಕಿವಿಯಲ್ಲಿ ಕೂತುಬಿಟ್ಟಿತ್ತು. ಕಸುಬಿನವನಿಗೆ ಅದು ಹಲ್ಲಿನ ಸಂದಿಯ ನಾರು. ಆ ವಾರ ಮಾವನ ಹೋಮ್‌ಸ್ಟೇಯಲ್ಲಿ ನನಗೊಂದು ಕಾರ್ಯಕ್ರಮವಿತ್ತು. ಬೇಕೆಂದೇ ಮಧ್ಯಾಹ್ನವೇ ಹೋದೆ. ಮಳೆ ಬಿದ್ದು ಹೂ ಬಿರಿದ ಮೂರನೆಯ ದಿನವಿರಬೇಕು, ತೋಟದ ತುಂಬ ಮಲ್ಲಿಗೆಯಂಥ ವಾಸನೆ ನಿಂತಿತ್ತು, ಜೇನು ಹುಳುಗಳ ಸದ್ದಿಗೆ ಗಾಳಿಯೇ ತೂಕಡಿಸುತ್ತಿತ್ತು. ಮಾವ ಸೌದೆ ಜೋಡಿಸುತ್ತ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಯಾರೋ ಇನ್ನೊಬ್ಬ ಡ್ರೈವರನಿಗೆ ಹೇಳುತ್ತಿದ್ದರು: “ಇದೊಂದ್ ಟ್ರಿಪ್ ಹೋಗ್ಬಂದ್ಬುಡಪ್ಪ.”

ಆ ಕಡೆಯವನು ಏನೋ ಅಂದ.

“ಹೌದಾ. ಸರಿ ಬುಡು” ಎಂದರು ಮಾವ. ಕಿವಿ ಕೆರೆದುಕೊಂಡು ಇನ್ನೊಂದು ನಂಬರು ಒತ್ತಿದರು. ಅಷ್ಟೇ.

ನಾನು ಸೌದೆಯ ಪಕ್ಕದಲ್ಲೇ ನಿಂತುಬಿಟ್ಟೆ. ಆ ದನಿ ಮೊದಲ ದಿನ ನಾನು ಮಾಡಿದ್ದ ದನಿಯೇ. ಸ್ವಲ್ಪ ತಗ್ಗು, ಸ್ವಲ್ಪ ದಣಿವು, ಕೊನೆಗೆ ಮೂಗಿನಿಂದೊಂದು ಉಸಿರು. ಗುಡುಗು ಎಲ್ಲಿಯೂ ಇರಲಿಲ್ಲ. ಗುಡುಗನ್ನು ನನ್ನ ಬಾಯಿಗೆ ಹಾಕಿದವನು ಡ್ರೈವರ್. ಇಷ್ಟು ದಿನ ನಾನು ಅವನ ಮಾವನನ್ನು ಮಾಡಿರಲೇ ಇಲ್ಲ. ಅವನ ತಲೆಯೊಳಗೆ ಕೂತಿರುವ ಮಾವನನ್ನು ಮಾಡುತ್ತಿದ್ದೆ. ಅದಕ್ಕಿಂತ ಮಜವೆಂದರೆ, ಆ ಮಾವ ಪ್ರತಿ ಸಲವೂ ಗೆಲ್ಲುವಂತೆ ಚೆನ್ನಾಗಿ ಮಾಡುತ್ತಿದ್ದೆ.

ಮರುದಿನ ಡಾಕ್ಟರಮ್ಮನಿಗೆ ಹೇಳಿದೆ: “ಇನ್ಮೇಲೆ ಅವನು ಹೇಳಿದ ಹಾಗೆ ಮಾಡಲ್ಲ. ನನ್ನ ಕಿವಿ ಹೇಳಿದ ಹಾಗೆ ಮಾಡ್ತೀನಿ.”

ಅವರು ಎದ್ದು ಕಿಟಕಿ ಹಾಕಿದರು. “ಮೆದುಳು ಬುದ್ಧಿಮಾತಿನಿಂದ ಕಲಿಯೋದು ಕಮ್ಮಿ. ಹೀಗಾಗ್ತದೆ ಅಂತ ಕಾದು ಕೂತದ್ದು ಆಗದೇ ಹೋದಾಗ ಚೆನ್ನಾಗಿ ಕಲೀತದೆ. ನಾವು ಅವನಿಗೆ ಅವನು ಕಾಯುವುದನ್ನೇ ಕೊಡ್ತಾ ಇದ್ದದ್ದು. ತಪ್ಪು ನನ್ನದು. ನೀರಿಗೆ ನಾನೇ ಸುಳಿ ಹಾಕಿದೆ” ಎಂದರು. ಆಮೇಲೆ, “ನೀರು ಮಾತಾಡಬಹುದು ಹಾಗಾದ್ರೆ” ಎಂದರು.

ಸಾಲು ರಜೆಯ ಹಿಂದಿನ ದಿನ ಅವನು ಬಂದ. ನಾನು ಕಣ್ಣು ಮುಚ್ಚಿ ಸೌದೆ, ಹೂವಿನ ವಾಸನೆ, ಭುಜಕ್ಕೆ ಒತ್ತಿದ ಫೋನು ಎಲ್ಲವನ್ನೂ ನೆನೆಸಿಕೊಂಡು ಮೆಲ್ಲಗೆ ಕೇಳಿದೆ: “ಇದೊಂದ್ ಟ್ರಿಪ್ ಹೋಗ್ಬಂದ್ಬುಡಪ್ಪ.”

“ಗಟ್ಟಿ ಮಾಡೋ” ಎಂದ.

“ಮಾಡಲ್ಲ. ಮಾವ ಮಾತಾಡೋದೇ ಹಿಂಗೆ.”

ಅವನು ನನ್ನನ್ನೇ ನೋಡಿದ. ಕಿವಿ ಅವನಿಗೂ ಇದೆಯಲ್ಲ. ಉಸಿರು ಬಿಟ್ಟ. “ಇವತ್ತು ಆಗಲ್ಲ ಮಾವ. ನಾನು ಮಲಗ್ಬೇಕು.”

“ಹೌದಾ. ಸರಿ ಬುಡು” ಎಂದೆ.

ಅವನು ಇನ್ನೂ ಕಾಯುತ್ತಿದ್ದ. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿದರು.

“ಅಷ್ಟೇನಾ?” ಎಂದ.

“ಅಷ್ಟೇ.”

“ಆಮೇಲೆ?”

“ಆಮೇಲೆ ಮಾವ ಕಿವಿ ಕೆರ್ಕೊಂಡು ಇನ್ನೊಬ್ನಿಗೆ ಫೋನ್ ಮಾಡ್ತಾರೆ. ನಾನೇ ನೋಡಿದೀನಿ.”

ಅವನಿಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಮಾಡಿಸಿದ, ಮತ್ತೊಮ್ಮೆ ಮಾಡಿಸಿದ. ನಡುವೆ ಒಂದೆರಡು ಸಲ ಡಾಕ್ಟರಮ್ಮನ ಕಣ್ಸನ್ನೆಗೆ ಮಾವನಿಗೆ ನಿಜವಾದ ಬೇಜಾರನ್ನೂ ತರಿಸಿದೆ: “ಏನಪ್ಪ ನೀನು, ಹಿಂಗ್ ಮಾಡ್ಬುಟ್ಟೆ.” ಅವನು ನುಂಗಿಕೊಂಡ, ತಡೆದ, ಅದೇ ಮಾತನ್ನೇ ಮತ್ತೆ ಹೇಳಿದ. ಬೆರಳಿನ ಯಂತ್ರದ ಅಂಕಿ ಏರಿತು, ನಿಂತಿತು, ತಾನಾಗಿ ಇಳಿಯಿತು. ಕೊನೆಯ ಸಲ “ಸರಿ ಬುಡು” ಎಂದಾಗ ಅವನು ಉತ್ತರ ಕೊಡಲಿಲ್ಲ. ನೋಡಿದರೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಡಾಕ್ಟರಮ್ಮ ಕಿಟಕಿ ತೆರೆದರು. ಮಂಜು ಬಂದು ಖಾಲಿ ಕುರ್ಚಿಯಲ್ಲಿ ಕೂತಿತು. ಮುಂದಿನ ರೋಗಿ ಬರುವವರೆಗೆ ನಾವು ಅವನನ್ನು ಎಬ್ಬಿಸಲಿಲ್ಲ.

ಎದ್ದು ಮುಖ ತೊಳೆದುಕೊಂಡು ಕೆಳಗಿಳಿದಾಗ ನಾನು ಎಂದಿನಂತೆ ಜೀಪಿನ ಬಾಗಿಲಿಗೆ ಕೈ ಹಾಕಿದೆ. “ಹಂಗೇ ಆಲೂರಿಗೆ ಬಿಟ್ಬುಡು.”

ಅವನು ಉಸಿರು ಬಿಟ್ಟ. ಉದ್ದದ ಉಸಿರು.

“ಇವತ್ತು ಆಗಲ್ಲ ಕಣೋ. ಮನೆಗೋಗಿ ಮಲಗ್ಬೇಕು.”

ನನ್ನ ಬಾದಾಮಿ ಬೀಜಗಳೆರಡೂ ಒಟ್ಟಿಗೆ ಕೂಗಿಕೊಂಡವು. ಕಿವಿ ಬಿಸಿಯಾಯಿತು. ಇಷ್ಟೆಲ್ಲ ಮಾಡಿದ್ದು ನಾನಲ್ಲವೇ, ನನಗೇ ಹೀಗೆಯೇ ಅನ್ನಿಸಿತು. ಆಮೇಲೆ ನಿಧಾನವಾಗಿ ಹಣೆಯ ಹಿಂದಿನವನು ಬಂದ. ದೋಣಿಗಲ್ ಇರುವುದು ಪಡುವಣಕ್ಕೆ, ಆಲೂರು ಇರುವುದು ಮೂಡಣಕ್ಕೆ ಎಂದು ನೆನಪಿಸಿದ. ಮಲಗಬೇಕಾದವನನ್ನು ಅಷ್ಟು ದಿನವೂ ಮನೆಗೆ ಬೆನ್ನು ಹಾಕಿ ಓಡಿಸಿದವನು, ‘ಆಗಲ್ಲ’ ಕಲಿಸುವ ಪಾಠದಲ್ಲಿ ನೀರಾಗಿದ್ದ ನಾನೇ.

“ಹೌದಾ. ಸರಿ ಬುಡು” ಎಂದೆ. ದನಿ ಯಾರದ್ದೆಂದು ನನಗೂ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾಳ್ಳುಪೇಟೆ ದಾಟುವಾಗ ತೋಟಗಳು ಬೆಳ್ಳಗೆ ಹಿಂದೆ ಸರಿಯುತ್ತಿದ್ದವು, ಕಣ್ಣು ಎಳೆಯುತ್ತಿತ್ತು. ಫೋನು ಬಂತು. ಮಾವ.

“ಏನಪ್ಪ, ನಮ್ಮುಡುಗ ಈಗಷ್ಟೇ ಫೋನ್ ಮಾಡಿ ನಾಳೆ ಬೆಳಿಗ್ಗೆ ಆಗಲ್ಲ, ಮಲಗ್ಬೇಕು ಅಂದ. ಮಲಿಕ್ಕೊಳ್ಲಿ ಬುಡು, ಮೊನ್ನೆನೇ ಮುಖ ಸುಸ್ತಾದಂಗಿತ್ತು, ಬಾಯಿ ಬುಟ್ಟು ಹೇಳಿದ್ದೇ ಇವತ್ತು. ಬೇರೆ ಡ್ರೈವರ್‍ನ ಹಿಡ್ಕೊಂಡೆ. ನೀನು ನಾಳೆ ಸಂಜೆ ಬಂದು ಒಂದ್ ಕಾರ್ಯಕ್ರಮ ಮಾಡ್ಬುಡಪ್ಪ. ಇದೊಂದ್ ಸಲ.”

ನಾಳೆ ಸಂಜೆ ನಾನು ಅವ್ವನನ್ನು ಹಾಸನಕ್ಕೆ ಕಣ್ಣು ತೋರಿಸಲು ಕರೆದೊಯ್ಯಬೇಕಿತ್ತು. ಹಿಂದೆ ಎರಡು ಸಲ ಇಂಥದೇ ಕರೆಗಳಿಗೆ ಅದು ಮುಂದೆ ಹೋಗಿತ್ತು. ಬಾಯಿ ತೆರೆದೆ. “ನೋಡಾ...” ಎಂಬಷ್ಟು ಆಗಲೇ ಹೊರಬಿದ್ದಿತ್ತು. ಉಳಿದದ್ದನ್ನು ಕಚ್ಚಿ ಹಿಡಿದು ಉಸಿರು ಬಿಟ್ಟೆ. ನನ್ನ ದನಿಗಾಗಿ ಒಳಗೆಲ್ಲ ಹುಡುಕಿದೆ. ಕಂಡಕ್ಟರ್ ಇದ್ದ, ಮೇಷ್ಟರು ಇದ್ದರು, ಡಾಕ್ಟರಮ್ಮ ಇದ್ದರು, ನಾನು ಸಿಗಲಿಲ್ಲ. ಕೊನೆಗೆ ಜೀಪಿನ ಬಾಗಿಲಲ್ಲಿ ಆಗಷ್ಟೇ ಕೇಳಿಸಿಕೊಂಡಿದ್ದ ದನಿಯೊಂದು ನಾಲಿಗೆಯ ಮೇಲೆ ಬೆಚ್ಚಗೆ ಇತ್ತು. ಅದನ್ನೇ ಎತ್ತಿಕೊಂಡೆ.

“ನಾಳೆ ಆಗಲ್ಲ.”



“ಇದ್ಯಾರು, ನಮ್ ಹುಡುಗ್ನಾ? ನೀನಿನ್ನೂ ಮಲಗಿಲ್ವೇನೋ?” ಎಂದರು ಮಾವ.